ಬಾಡಿಗೆಯ ಭಾರ ಯಾರ ಹೆಗಲಿಗೆ? ಬ್ರಿಟನ್ನಿನ ಕೌನ್ಸಿಲ್ ಮನೆಗಳ ಹಿಂದಿನ ಲೆಕ್ಕ

2024ರ ಏಪ್ರಿಲ್ 1 ಸೋಮವಾರ. 2025ರ ಮಾರ್ಚ್ 31 ಕೂಡ ಸೋಮವಾರ. ಹಾಗಾಗಿ ಆ ಆರ್ಥಿಕ ವರ್ಷದಲ್ಲಿ 53 ಸೋಮವಾರಗಳು ಬಂದವು. ಬ್ರಿಟನ್ನಿನ ಹಲವು ಕೌನ್ಸಿಲ್‌ಗಳು, ಅಂದರೆ ಅಲ್ಲಿನ ಸ್ಥಳೀಯ ಸಂಸ್ಥೆಗಳು, ತಮ್ಮ ಮನೆಗಳ ಬಾಡಿಗೆಯನ್ನು ವಾರದ ಲೆಕ್ಕದಲ್ಲಿ ಸೋಮವಾರ ಬರೆದುಕೊಳ್ಳುತ್ತವೆ. ವಾರಕ್ಕೆ 100 ಪೌಂಡ್ ಬಾಡಿಗೆ ಎಂದಿಟ್ಟುಕೊಳ್ಳಿ. ಆ ವರ್ಷ ಕಟ್ಟಬೇಕಾದ್ದು 5,300 ಪೌಂಡ್. ಆದರೆ ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಯೂನಿವರ್ಸಲ್ ಕ್ರೆಡಿಟ್ ವಾರದ ಬಾಡಿಗೆಯನ್ನು 52ರಿಂದ ಗುಣಿಸಿ 12ರಿಂದ ಭಾಗಿಸುತ್ತದೆ. ತಿಂಗಳಿಗೆ 433 ಪೌಂಡ್ 33 ಪೆನ್ಸ್, ವರ್ಷಕ್ಕೆ 5,200. ಉಳಿದ 100 ಪೌಂಡ್ ಬಾಡಿಗೆದಾರರ ಬಾಕಿಯಾಗಿ ನಿಲ್ಲುತ್ತದೆ. 2019-20ರಲ್ಲೂ ಹೀಗೇ ಆಗಿತ್ತು.

ಸಹಾಯ ಪಡೆಯುವ ಕುಟುಂಬವೇ ಸಹಾಯದ ಸೂತ್ರದಿಂದ ಸಾಲಕ್ಕೆ ಬೀಳುವ ಈ ಸ್ಥಿತಿ ಒಂದು ದಿನದಲ್ಲಿ ಬಂದದ್ದಲ್ಲ.

ನಮ್ಮಲ್ಲಿ ಆಶ್ರಯ ಮನೆ ಎಂದರೆ ಫಲಾನುಭವಿಯ ಹೆಸರಿಗೇ ಆಗುವ ಮನೆ. ಕೌನ್ಸಿಲ್ ಮನೆ ಹಾಗಲ್ಲ. ಕಟ್ಟಿದ ಕೌನ್ಸಿಲ್ಲೇ ಅದರ ಮಾಲೀಕ, ವಾಸಿಸುವವರು ಬಾಡಿಗೆದಾರರು. ಆದ್ದರಿಂದ ಬಾಡಿಗೆ ಕಟ್ಟಲಾಗದವರ ಪಾಲಿನ ಹಣ ಯಾರು ತುಂಬಬೇಕು ಎಂಬ ಪ್ರಶ್ನೆ ಆ ಮನೆಗಳ ಜೊತೆಗೇ ಹುಟ್ಟಿತು. 1915ರಲ್ಲಿ ಗ್ಲಾಸ್ಗೋದ ಮಹಿಳೆಯರು ಬಾಡಿಗೆ ಏರಿಕೆಯ ವಿರುದ್ಧ ಮುಷ್ಕರ ಹೂಡಿ ಗೆದ್ದರು. 1919ರ ಕಾಯ್ದೆ ಮನೆ ಕಟ್ಟಲು ಕೌನ್ಸಿಲ್‌ಗಳಿಗೆ ಕೇಂದ್ರದ ಸಹಾಯಧನ ಕೊಟ್ಟಿತು. 1930ರ ಕಾಯ್ದೆಯಡಿ ಬಡವರಿಗೆ ಬಾಡಿಗೆ ರಿಯಾಯಿತಿ ಕೊಡುವ ಅವಕಾಶ ಬಂತು. ಅಲ್ಲಿಂದ ನಾಲ್ಕು ದಶಕ, ರಿಯಾಯಿತಿ ಕೊಡುವುದು ಬಿಡುವುದು ಆಯಾ ಕೌನ್ಸಿಲ್‌ನ ಇಚ್ಛೆಗೆ ಬಿಟ್ಟ ವಿಷಯವಾಗಿತ್ತು. ಮುಖ್ಯ ಸಹಾಯ ಹೋಗುತ್ತಿದ್ದುದು ಇಟ್ಟಿಗೆ ಗಾರೆಗೆ. ಮನೆ ಅಗ್ಗವಾಗಿ ನಿಂತರೆ ಬಾಡಿಗೆ ತಾನಾಗಿ ಕಡಿಮೆಯಾಗುತ್ತದೆ ಎಂಬುದು ಅಂದಿನ ಸರಳ ನಂಬಿಕೆ.

1972ರಲ್ಲಿ ದಿಕ್ಕು ಬದಲಾಯಿತು. ಬಾಡಿಗೆಯನ್ನು ಎಲ್ಲ ಕಡೆ ಏರಿಸಿ, ಕಟ್ಟಲಾಗದವರಿಗೆ ಮಾತ್ರ ರಿಯಾಯಿತಿ ಕೊಡಿ ಎಂದಿತು ಹೊಸ ಕಾಯ್ದೆ. ಡರ್ಬಿಶೈರ್‌ನ ಕ್ಲೇ ಕ್ರಾಸ್ ಎಂಬ ಪುಟ್ಟ ಊರಿನ 11 ಮಂದಿ ಕೌನ್ಸಿಲರ್‌ಗಳು ಏರಿಸುವುದಿಲ್ಲ ಎಂದು ಪಟ್ಟು ಹಿಡಿದರು. ವಸೂಲಾಗದ ಹಣವನ್ನು ಅವರ ಕೈಯಿಂದಲೇ ಕಟ್ಟುವಂತೆ ಆದೇಶವಾಯಿತು, ಸದಸ್ಯತ್ವವೂ ಹೋಯಿತು. ಆ ಕಾಯ್ದೆಯ ಬಾಡಿಗೆ ನಿಯಮ ಕೆಲವೇ ವರ್ಷಗಳಲ್ಲಿ ಹಿಂದೆ ಸರಿದರೂ, ಮನೆಗೆ ಕೊಡುವುದಕ್ಕಿಂತ ಮನುಷ್ಯನಿಗೆ ಕೊಡುವುದು ಮೇಲು ಎಂಬ ವಿಚಾರ ಉಳಿದುಕೊಂಡಿತು. 1980ರಲ್ಲಿ ಬಾಡಿಗೆದಾರರಿಗೆ ತಮ್ಮ ಮನೆಯನ್ನು ರಿಯಾಯಿತಿ ಬೆಲೆಗೆ ಕೊಳ್ಳುವ ಹಕ್ಕು ಸಿಕ್ಕಿತು. ಇಂಗ್ಲೆಂಡ್ ಒಂದರಲ್ಲೇ ಈವರೆಗೆ ಸುಮಾರು 20 ಲಕ್ಷ ಮನೆಗಳು ಹೀಗೆ ಮಾರಾಟವಾಗಿವೆ. 1982-83ರಲ್ಲಿ ಕಡಿಮೆ ಆದಾಯದವರ ಬಾಡಿಗೆಗೆ ನೆರವು ಕೊಡುವ ಹೌಸಿಂಗ್ ಬೆನಿಫಿಟ್ ಜಾರಿಗೆ ಬಂತು. ಹಂಚುವ ಕೆಲಸ ಕೌನ್ಸಿಲ್‌ಗಳದಾಯಿತು. 1988ರಿಂದ ಒಂದು ಮಿತಿಯ ಮೇಲೆ ಗಳಿಸಿದ ಪ್ರತಿ ಪೌಂಡಿಗೆ 65 ಪೆನ್ಸ್‌ನಂತೆ ಈ ನೆರವು ಕಡಿತವಾಗತೊಡಗಿತು.

ಈ ಇಡೀ ಕಥೆಯಲ್ಲಿ ನನಗೆ ಹೆಚ್ಚು ನೋವು ತರುವುದು 1990ರಿಂದ 2004ರವರೆಗಿನ ಅವಧಿ. ಅದರ ಬಗ್ಗೆ ಮಾತಾಡುವವರೇ ಕಡಿಮೆ, ಏಕೆಂದರೆ ಅದೆಲ್ಲ ಲೆಕ್ಕದ ಪುಸ್ತಕದೊಳಗೆ ನಡೆದದ್ದು. 1989ರ ಕಾಯ್ದೆ ಕೌನ್ಸಿಲ್‌ನ ವಸತಿ ಖಾತೆಗೆ ಬೇಲಿ ಹಾಕಿತು: ಹೊರಗಿನ ಸ್ಥಳೀಯ ತೆರಿಗೆ ಹಣ ಒಳಗೆ ಬರುವಂತಿಲ್ಲ. ಜೊತೆಗೆ, ಬಡ ಬಾಡಿಗೆದಾರರ ರಿಯಾಯಿತಿಯ, ಎಂದರೆ ಅವರ ಹೌಸಿಂಗ್ ಬೆನಿಫಿಟ್‌ನ, ಖರ್ಚನ್ನೂ ಅದೇ ಖಾತೆಗೆ ಸೇರಿಸಿತು. ಕೇಂದ್ರ ಪ್ರತಿ ವರ್ಷ ಒಂದು ಕಾಗದದ ಲೆಕ್ಕ ಹಾಕುತ್ತಿತ್ತು: ಈ ಕೌನ್ಸಿಲ್‌ಗೆ ಇಷ್ಟು ಬಾಡಿಗೆ ಬರಬೇಕು, ರಿಪೇರಿಗೂ ನಿರ್ವಹಣೆಗೂ ಇಷ್ಟು ಸಾಕು, ಉಳಿಕೆ ಇಷ್ಟು. ಆ ಉಳಿಕೆಯನ್ನು ರಿಯಾಯಿತಿಯ ಖರ್ಚಿನಿಂದ ಕಳೆದು, ಮಿಕ್ಕ ಖರ್ಚನ್ನು ಮಾತ್ರ ಸಹಾಯಧನವಾಗಿ ಕೊಡುತ್ತಿತ್ತು.

ಇದರ ಅರ್ಥ ತಿಳಿಯಲು ಒಂದು ಮೆಟ್ಟಿಲ ಸಾಲಿನ ಎರಡು ಮನೆಗಳನ್ನು ನೆನೆಯಿರಿ. ಮೇಲಿನ ಮನೆಯವರು ಬಸ್ ಓಡಿಸುತ್ತಾರೆ, ಪೂರ್ತಿ ಬಾಡಿಗೆ ಕಟ್ಟುತ್ತಾರೆ. ಕೆಳಗಿನ ಮನೆಯವರು ಕೆಲಸ ಕಳೆದುಕೊಂಡಿದ್ದಾರೆ, ಅವರಿಗೆ ರಿಯಾಯಿತಿ ಇದೆ. ಕೇಂದ್ರದ ಲೆಕ್ಕದಲ್ಲಿ ಬಾಡಿಗೆ ಏರಿದಾಗ ಕೌನ್ಸಿಲ್‌ಗೆ ಬರುವ ಸಹಾಯಧನ ಇಳಿಯಿತು, ತೂಗಿಸಲು ಕೌನ್ಸಿಲ್ ನಿಜವಾಗಿಯೂ ಬಾಡಿಗೆ ಏರಿಸಿತು, ಆ ಹೆಚ್ಚಳದ ಹಣ ಕೆಳಗಿನ ಮನೆಯ ರಿಯಾಯಿತಿಗೆ ಹೋಯಿತು. ಬಸ್ ಚಾಲಕರ ಚಾವಣಿ ಸೋರುತ್ತಲೇ ಇತ್ತು. ಖಾಸಗಿ ಮನೆಯ ಬಡ ಬಾಡಿಗೆದಾರರ ನೆರವು ದೇಶದ ಬೊಕ್ಕಸದಿಂದ, ಎಂದರೆ ಎಲ್ಲರ ತೆರಿಗೆಯಿಂದ ಬರುತ್ತಿದ್ದ ಕಾಲದಲ್ಲೇ, ಕೌನ್ಸಿಲ್ ಬಡಾವಣೆಯ ಬಡತನಕ್ಕೆ ಅದೇ ಬಡಾವಣೆಯ ಕೂಲಿಕಾರರು ಪಾಲು ಕೊಡಬೇಕಾಯಿತು. ಬಾಡಿಗೆದಾರರ ಸಂಘಟನೆಗಳು ಇದನ್ನು ಹಗಲು ದರೋಡೆ ಎಂದವು. ನನಗೆ ಆ ಮಾತು ಅತಿಯೆನಿಸುವುದಿಲ್ಲ. ಏರಿದ ಬಾಡಿಗೆಯಿಂದ ರಿಯಾಯಿತಿಯ ಖರ್ಚೂ ಉಬ್ಬಿದಾಗ, 1996ರಲ್ಲಿ ಕೇಂದ್ರ ಇನ್ನೊಂದು ಬೀಗ ಹಾಕಿತು: ಸೂಚಿಸಿದ್ದಕ್ಕಿಂತ ಹೆಚ್ಚು ಏರಿಸಿದರೆ ಆ ಹೆಚ್ಚುವರಿ ರಿಯಾಯಿತಿಗೆ ಪೂರ್ತಿ ಹಣ ಸಿಗದು. 2004ರ ಏಪ್ರಿಲ್‌ನಲ್ಲಿ ರಿಯಾಯಿತಿಯ ಖರ್ಚು ವಸತಿ ಖಾತೆಯಿಂದ ಹೊರಬಂತು. ಆದರೆ ಉಳಿಕೆ ತೋರಿಸಿದ ಕೌನ್ಸಿಲ್‌ಗಳಿಂದ ಹಣ ಎಳೆದುಕೊಳ್ಳುವ ಪದ್ಧತಿ ನಿಂತದ್ದು 2012ರಲ್ಲಿ, ಅದೂ ಹಲವು ಕೌನ್ಸಿಲ್‌ಗಳು ಒಮ್ಮೆಗೇ ದೊಡ್ಡ ಸಾಲ ಹೊತ್ತ ಮೇಲೆ.

ಮರುವರ್ಷವೇ ಕೋಣೆಗಳ ಎಣಿಕೆ ಶುರುವಾಯಿತು. 2013ರ ಏಪ್ರಿಲ್‌ನಿಂದ ದುಡಿಯುವ ವಯಸ್ಸಿನ ಬಾಡಿಗೆದಾರರ ಮನೆಯಲ್ಲಿ ಒಂದು ಮಲಗುವ ಕೋಣೆ ಹೆಚ್ಚಿದ್ದರೆ ಲೆಕ್ಕಕ್ಕೆ ಹಿಡಿಯುವ ಬಾಡಿಗೆಯಲ್ಲಿ ಶೇ 14, ಎರಡು ಅಥವಾ ಹೆಚ್ಚಿದ್ದರೆ ಶೇ 25 ಕಡಿತ. ಜನ ಇದನ್ನು ಬೆಡ್‌ರೂಮ್ ಟ್ಯಾಕ್ಸ್ ಎಂದು ಕರೆದರು. ಹತ್ತು ವರ್ಷದೊಳಗಿನ ಅಣ್ಣ ತಂಗಿ ಒಂದೇ ಕೋಣೆಯಲ್ಲಿ ಮಲಗಬೇಕು ಎಂಬುದು ನಿಯಮ. ಸಣ್ಣ ಮನೆಗೆ ಹೋಗಿ ಎಂದರೆ, ಹೋಗಲು ಸಣ್ಣ ಮನೆಗಳು ಬೇಕಲ್ಲ? ಸ್ಕಾಟ್ಲೆಂಡ್ ತನ್ನ ಹಣದಿಂದ ಈ ಕಡಿತವನ್ನು ತುಂಬಿಕೊಡುತ್ತಿದೆ.

ದುಡಿಯುವ ವಯಸ್ಸಿನವರಿಗೆ ಹೌಸಿಂಗ್ ಬೆನಿಫಿಟ್‌ನ ಜಾಗಕ್ಕೆ ಬಂದ ಯೂನಿವರ್ಸಲ್ ಕ್ರೆಡಿಟ್ ಇನ್ನೂ ಸೂಕ್ಷ್ಮವಾದ ಬದಲಾವಣೆ ತಂದಿತು. ಹಳೆಯ ಕ್ರಮದಲ್ಲಿ ಕೌನ್ಸಿಲ್ ಬಾಡಿಗೆದಾರರು ಈ ಹಣವನ್ನು ಕಣ್ಣಲ್ಲಿ ನೋಡುತ್ತಲೇ ಇರಲಿಲ್ಲ. ಬಾಡಿಗೆ ಖಾತೆಯಲ್ಲಿ ಅಷ್ಟು ಮೊತ್ತ ಕಡಿಮೆಯಾಗಿರುತ್ತಿತ್ತು. ಈಗ ಅದು ಸಾಮಾನ್ಯವಾಗಿ ಅವರ ಬ್ಯಾಂಕಿಗೆ ತಿಂಗಳಿಗೊಮ್ಮೆ, ತಿಂಗಳು ಮುಗಿದ ಮೇಲೆ ಬರುತ್ತದೆ. ಮೊದಲ ಕಂತಿಗೆ ಐದು ವಾರ ಕಾಯಬೇಕು. ಆ ಐದು ಸೋಮವಾರಗಳಂದು ಬಾಡಿಗೆ ಮಾತ್ರ ತಪ್ಪದೆ ಖಾತೆಗೆ ಏರುತ್ತದೆ. 2018ರಿಂದ ಎರಡು ವಾರದ ಹಳೆಯ ನೆರವನ್ನು ಮುಂದುವರಿಸುವ ವ್ಯವಸ್ಥೆ ಬಂದು ಹೊಡೆತ ಸ್ವಲ್ಪ ತಗ್ಗಿತು, ಆದರೆ ಅದು ಹೌಸಿಂಗ್ ಬೆನಿಫಿಟ್‌ನಿಂದ ಬದಲಾಗುವವರಿಗೆ ಮಾತ್ರ.

ಇಂದು ಹೌಸಿಂಗ್ ಬೆನಿಫಿಟ್ ಮುಖ್ಯವಾಗಿ ಉಳಿದಿರುವುದು ಪಿಂಚಣಿ ವಯಸ್ಸಿನವರಿಗೆ, ಮತ್ತು ನೆಲೆ ಕಳೆದುಕೊಂಡವರನ್ನು ಇರಿಸುವ ತಾತ್ಕಾಲಿಕ ವಸತಿಗೆ. ಈ ಎರಡನೆಯದು ಕೌನ್ಸಿಲ್‌ಗಳ ಸೊಂಟ ಮುರಿಯುತ್ತಿದೆ. ಖಾಸಗಿಯವರಿಂದ ಗುತ್ತಿಗೆಗೆ ಪಡೆದ ಮನೆಗೆ ಕೇಂದ್ರ ತುಂಬಿಕೊಡುವ ಗರಿಷ್ಠ ಮೊತ್ತ 2011ರ ಜನವರಿಯಲ್ಲಿ ಆಯಾ ಊರಿಗೆ ನಿಗದಿಯಾಗಿದ್ದ ಬಾಡಿಗೆ ನೆರವಿನ ದರದ ಶೇ 90. ಇಂದಿನ ಬಾಡಿಗೆಗೂ ಅದಕ್ಕೂ ನಡುವಿನ ಅಂತರ ಕೌನ್ಸಿಲ್ಲಿನದು. 2023-24ರಲ್ಲಿ ಇಂಗ್ಲೆಂಡಿನ ಕೌನ್ಸಿಲ್‌ಗಳು ತಾತ್ಕಾಲಿಕ ವಸತಿಗೆ ಖರ್ಚು ಮಾಡಿದ್ದು ಸುಮಾರು 228 ಕೋಟಿ ಪೌಂಡ್. ದಕ್ಷಿಣ ಕರಾವಳಿಯ ಹೇಸ್ಟಿಂಗ್ಸ್, ಈಸ್ಟ್‌ಬೋರ್ನ್‌ನಂಥ ಊರುಗಳ ಕೌನ್ಸಿಲ್‌ಗಳು ಈ ಖರ್ಚು ತಮ್ಮನ್ನು ದಿವಾಳಿಯತ್ತ ನೂಕುತ್ತಿದೆ ಎಂದು ಬಹಿರಂಗವಾಗಿ ಹೇಳಿವೆ. ಲಂಡನ್ನಿನಲ್ಲಿ ಕೆಲವು ಕೌನ್ಸಿಲ್‌ಗಳು, ಹಿಂದೆ ರಿಯಾಯಿತಿ ಬೆಲೆಗೆ ಮಾರಿದ್ದ ತಮ್ಮದೇ ಫ್ಲ್ಯಾಟ್‌ಗಳನ್ನು ಇಂದಿನ ಮಾರುಕಟ್ಟೆ ಬೆಲೆಗೆ ಮರಳಿ ಕೊಳ್ಳುತ್ತಿವೆ.