ಬಾಟಲಿ ನಿಲ್ಲಿಸಿದರೆ ಮರಿ ತಾನಾಗಿ ತಿನ್ನುತ್ತದೆಯೇ?

ಪ್ರಶ್ನೆ: ತಾಯಿ ಇಲ್ಲದ ಬೆಕ್ಕಿನ ಮರಿಯೊಂದನ್ನು ಎರಡು ವಾರದ್ದಿದ್ದಾಗಿನಿಂದ ಬಾಟಲಿ ಹಾಲು ಕೊಟ್ಟು ನೋಡಿಕೊಳ್ಳುತ್ತಿದ್ದೇನೆ. ಸಾಕುವವರು ಸಿಗುವವರೆಗೆ ನಮ್ಮಲ್ಲೇ ಇರುತ್ತದೆ. ಈಗ ಹೆಚ್ಚೂಕಡಿಮೆ ಐದು ವಾರ. ತಟ್ಟೆಯಲ್ಲಿ ಇಟ್ಟಿದ್ದನ್ನು ಮೂಸಿ ಹೊರಟುಬಿಡುತ್ತದೆ, ಬಾಟಲಿ ಕಂಡರೆ ಮಾತ್ರ ಕಿವಿ ತೂತಾಗುವಂತೆ ಅರಚುತ್ತದೆ. ಒಂದು ದಿನ ಬಾಟಲಿ ಕೊಡದೇ ಇದ್ದರೆ ಹಸಿವು ತಾಳಲಾರದೆ ತಾನೇ ತಿನ್ನುವುದಿಲ್ಲವೇ?

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಇಷ್ಟು ಚಿಕ್ಕ ಮರಿಯ ಮೈಯಲ್ಲಿ ಕೂಡಿಟ್ಟ ಶಕ್ತಿ ಬಹಳ ಕಡಿಮೆ. ಒಂದೆರಡು ಹೊತ್ತು ತಪ್ಪಿದರೂ ರಕ್ತದಲ್ಲಿ ಸಕ್ಕರೆ ಇಳಿಯುತ್ತದೆ, ಮೈ ತಣ್ಣಗಾಗುತ್ತದೆ. ಆಮೇಲೆ ತಟ್ಟೆಯ ಮಾತಿರಲಿ, ಬಾಟಲಿ ಚೀಪುವುದಕ್ಕೂ ತ್ರಾಣ ಉಳಿಯುವುದಿಲ್ಲ.

ಇನ್ನೊಂದು ವಿಷಯ, ಅದು ಹಠ ಮಾಡುತ್ತಿಲ್ಲ. ಅದಕ್ಕೆ ತಿನ್ನುವುದು ಗೊತ್ತಿಲ್ಲ, ಅಷ್ಟೇ. ಚೀಪುವಾಗ ನಾಲಿಗೆ ನಿಪ್ಪಲ್ಲನ್ನು ದೊನ್ನೆಯ ಹಾಗೆ ಸುತ್ತಿಕೊಂಡು ಎಳೆಯುತ್ತದೆ. ನೆಕ್ಕುವುದು ಬೇರೆಯದೇ ಕಸುಬು. ಬೆಕ್ಕು ನಾಲಿಗೆಯನ್ನು ಚಮಚ ಮಾಡಿಕೊಂಡು ಮೊಗೆಯುತ್ತದೆ ಎಂದು ನಾವು ಅಂದುಕೊಂಡಿರುತ್ತೇವೆ. 2010ರಲ್ಲಿ ಅಮೆರಿಕದ ಸಂಶೋಧಕರು ಹೈಸ್ಪೀಡ್ ಕ್ಯಾಮೆರಾ ಇಟ್ಟು ನೋಡಿದಾಗ ಕಂಡದ್ದೇ ಬೇರೆ: ನಾಲಿಗೆಯ ತುದಿ ನೀರಿನ ಮೇಲ್ಮೈಗೆ ತಾಗಿ ಸರ್ರನೆ ಮೇಲೇಳುತ್ತದೆ, ಅದರ ಹಿಂದೆಯೇ ನೀರಿನ ಎಳೆಯೊಂದು ಏಳುತ್ತದೆ, ಅದು ಕುಸಿಯುವ ಮೊದಲು ಬೆಕ್ಕು ಬಾಯಿ ಮುಚ್ಚಿಕೊಳ್ಳುತ್ತದೆ. ಸೆಕೆಂಡಿಗೆ ಮೂರು ನಾಲ್ಕು ಸಲ. ತಾಯಿ ಇದ್ದಿದ್ದರೆ ಅವಳು ತಿನ್ನುವುದನ್ನು ನೋಡುತ್ತಾ, ಅವಳ ತಟ್ಟೆಗೆ ಮೂತಿ ಹಾಕುತ್ತಾ ಮರಿ ಇದನ್ನು ಕಲಿಯುತ್ತಿತ್ತು. ನಿಮ್ಮ ಮರಿ ಇದುವರೆಗೆ ನೋಡಿರುವುದು ನಿಮ್ಮ ಕೈ ಮತ್ತು ಬಾಟಲಿ ಎರಡನ್ನೇ.

ಹಾಗಾದರೆ ಮರಿ ಸಿದ್ಧವಾಗಿದೆಯೇ? ಕ್ಯಾಲೆಂಡರ್ ಬಿಡಿ, ಬಾಯಿ ನೋಡಿ. ಮುಂದಿನ ಪುಟಾಣಿ ಹಲ್ಲುಗಳು ಮೂರು ವಾರದ ಹೊತ್ತಿಗೆ, ಕೋರೆಹಲ್ಲು ನಾಲ್ಕನೇ ವಾರದ ಸುಮಾರಿಗೆ ಬರುತ್ತವೆ. ನಮಗೆ ಬೇಕಾದದ್ದು ಅವುಗಳ ಹಿಂದಿನವು, ಕೆನ್ನೆಯ ಒಳಬದಿಯ ದವಡೆ ಹಲ್ಲುಗಳು. ಶುಚಿಯಾದ ಕಿರುಬೆರಳನ್ನು ಬಾಯಿಯ ಪಕ್ಕದಿಂದ ಮೆಲ್ಲಗೆ ಒಳಗೆ ಸರಿಸಿ. ಒಸಡು ಬರೀ ನುಣುಪಾಗಿದ್ದರೆ ಇನ್ನೊಂದು ವಾರ ಕಾಯಬಹುದು, ಸಕ್ಕರೆ ಹರಳಿನಂಥದ್ದೇನೋ ಚುಚ್ಚಿದರೆ ಶುರುಮಾಡಬಹುದು. ಬಾಟಲಿಯೇ ಸುಳಿವು ಕೊಡುವುದೂ ಉಂಟು. ನಾನು ಸಾಕಿದ ಮರಿಯೊಂದು ಚೀಪುವ ಬದಲು ನಿಪ್ಪಲ್ಲನ್ನು ಬಾಯಿಯ ಮೂಲೆಗೆ ತೆಗೆದುಕೊಂಡು ಜಗಿಯತೊಡಗಿತ್ತು. ನನಗದು ತಮಾಷೆಯಾಗಿ ಕಂಡಿತ್ತು. ಸಂಜೆ ತೊಳೆಯುವಾಗ ನೋಡಿದರೆ ತುದಿಯಲ್ಲಿದ್ದ ಸೂಜಿತೂತು ಹರಿದು ಸೀಳಾಗಿದೆ! ಆ ಸೀಳಿನಿಂದ ಹಾಲು ಒಮ್ಮೆಲೇ ನುಗ್ಗಿ ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ, ತುಂಡು ಕಿತ್ತು ನುಂಗಿದರೆ ಬೇರೆಯದೇ ಫಜೀತಿ. ಹಲ್ಲು ಬಂದ ಮರಿಯ ನಿಪ್ಪಲ್ಲನ್ನು ಪ್ರತಿ ಸಲವೂ ಬೆಳಕಿಗೆ ಹಿಡಿದು ನೋಡಿ.

ಈಗ ಕಲಿಸುವ ವಿಧಾನ. ಮರಿಗಳಿಗೆಂದೇ ಮಾಡಿದ ಮೆತ್ತನೆಯ ಡಬ್ಬಿ ಆಹಾರ, ಅಂದರೆ ನುಣ್ಣಗೆ ಅರೆದ ಮಾಂಸದ ಪೇಟ್ (pâté) ಥರದ್ದು ತನ್ನಿ. ನೀವು ಈಗ ಬಾಟಲಿಯಲ್ಲಿ ಕೊಡುತ್ತಿರುವ, ಬೆಕ್ಕಿನ ಮರಿಗಳಿಗೆಂದೇ ಮಾಡಿದ ಹಾಲಿನ ಪುಡಿಯನ್ನೇ ಕಲಸಿ ಅದಕ್ಕೆ ಬೆರೆಸಿ, ಗಂಟಿಲ್ಲದೆ ತೆಳ್ಳಗಿನ ಗಂಜಿಯ ಹದಕ್ಕೆ ತನ್ನಿ. ಹಾಲಿನ ಪರಿಚಿತ ವಾಸನೆ ಅರ್ಧ ಕೆಲಸ ಮಾಡುತ್ತದೆ. ಇನ್ನರ್ಧ ಕೆಲಸ ಬಿಸಿಯದ್ದು. ತಣ್ಣಗಿನ ಆಹಾರಕ್ಕೆ ವಾಸನೆಯೇ ಇರುವುದಿಲ್ಲ, ಮೂಸಿ ಹೋಗುವ ಮರಿಗಳ ಪೈಕಿ ಬಹಳಷ್ಟರ ತಕರಾರು ಇದೇ. ಬಟ್ಟಲನ್ನು ಬಿಸಿನೀರಿನಲ್ಲಿಟ್ಟು ಮಣಿಕಟ್ಟಿಗೆ ಹಿತವೆನಿಸುವಷ್ಟು ಬೆಚ್ಚಗೆ ಮಾಡಿ.

ಮೊದಲು ತಟ್ಟೆ, ತಿನ್ನದಿದ್ದರೆ ಬಾಟಲಿ ಎಂದು ಹೇಳುವವರಿದ್ದಾರೆ. ಶಾಂತ ಸ್ವಭಾವದ ಮರಿಗೆ ಅದು ನಡೆಯುತ್ತದೆ. ಅರಚುವ ಮರಿಗೆ ನಾನು ತಿರುಗಿಸಿ ಮಾಡುತ್ತೇನೆ: ಎಂದಿನ ಹಾಲಿನ ಕಾಲುಭಾಗದಷ್ಟು ಬಾಟಲಿಯಲ್ಲಿ ಕೊಟ್ಟು ಹಸಿವಿನ ಉರಿ ಇಳಿಸಿ, ಆಮೇಲೆ ಗಂಜಿ. ಹಸಿದು ಕಂಗೆಟ್ಟಿರುವಾಗ ಯಾರಿಗೂ ಹೊಸ ವಿದ್ಯೆ ತಲೆಗೆ ಹತ್ತುವುದಿಲ್ಲ. ಮೊದಲ ದಿನ ಬೆರಳ ತುದಿಗೆ ಹಚ್ಚಿ ತುಟಿಗೆ ಸವರಿ, ಅದೇ ನೆಕ್ಕಿಕೊಳ್ಳಲಿ. ನೆಕ್ಕಿತೆಂದರೆ ಮರುದಿನ ಚಮಚ. ಚಮಚವನ್ನು ಮೂತಿಯ ಎತ್ತರದಿಂದ ದಿನದಿನಕ್ಕೆ ಕೆಳಗೆ ಇಳಿಸುತ್ತಾ ಬನ್ನಿ. ಕೊನೆಗೆ ಚಮಚ ತಟ್ಟೆಯ ಮೇಲೆ ಮಲಗಬೇಕು, ಅಲ್ಲಿಂದ ಚಮಚವನ್ನೂ ತೆಗೆಯಿರಿ. ತಟ್ಟೆ ಚಪ್ಪಟೆಯಾಗಿರಲಿ. ಮೂತಿಯನ್ನು ಹಿಡಿದು ತಟ್ಟೆಗೆ ಅದ್ದುವುದು ಮಾತ್ರ ಬೇಡವೇ ಬೇಡ, ಮೂಗಿಗೆ ಹೋದರೆ ಉಸಿರಿನ ಜೊತೆ ಒಳಕ್ಕೆ ಇಳಿಯುತ್ತದೆ.

ಗಲೀಜಿಗೆ ಮನಸ್ಸು ಗಟ್ಟಿ ಮಾಡಿಕೊಳ್ಳಿ. ತಟ್ಟೆಯೊಳಗೆ ನಾಲ್ಕೂ ಕಾಲಿಟ್ಟು ನಿಲ್ಲುತ್ತದೆ, ಅದರಲ್ಲೇ ಕೂರುತ್ತದೆ, ಗಡ್ಡಕ್ಕೆ ಮೆತ್ತಿಕೊಂಡು ಸೀನುತ್ತದೆ. ಊಟವಾದ ಮೇಲೆ ಉಗುರುಬೆಚ್ಚಗಿನ ನೀರಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ ಪೂರ್ತಿ ಒಣಗಿಸಿ, ಒದ್ದೆ ಮರಿಗೆ ಬೇಗ ಚಳಿ ಹಿಡಿಯುತ್ತದೆ. ತಟ್ಟೆಯಲ್ಲಿ ಉಳಿದದ್ದನ್ನು ಎತ್ತಿಡದೆ ಚೆಲ್ಲಿಬಿಡಿ.

ಇಷ್ಟೆಲ್ಲ ಮಾಡುವಾಗ ನಿಮಗೆ ನಿಜ ಹೇಳುವುದು ಒಂದೇ ಒಂದು ವಸ್ತು: ಗ್ರಾಂ ತೋರಿಸುವ ಅಡುಗೆಮನೆಯ ತೂಕದ ಯಂತ್ರ. ದಿನಾ ಒಂದೇ ಹೊತ್ತಿಗೆ, ಊಟಕ್ಕೆ ಮುಂಚೆ ತೂಗಿ ಬರೆದಿಡಿ. ಐದು ವಾರದ ಮರಿ ಸುಮಾರು ಅರ್ಧ ಕಿಲೋ ಇರುತ್ತದೆ, ದಿನಕ್ಕೆ 10ರಿಂದ 15 ಗ್ರಾಂ ಏರುತ್ತಾ ಹೋಗಬೇಕು. ತಟ್ಟೆ ಖಾಲಿಯಾಗಿದೆ ಎಂದ ಮಾತ್ರಕ್ಕೆ ಹೊಟ್ಟೆ ತುಂಬಿದೆ ಎಂದಲ್ಲ, ಅರ್ಧ ಮೈಮೇಲೆ, ಕಾಲು ನೆಲದ ಮೇಲೆ ಹೋಗಿರುತ್ತದೆ. ಒಂದು ದಿನ ತೂಕ ನಿಂತಲ್ಲೇ ನಿಂತರೆ ಬಾಟಲಿಯ ಪಾಲು ಹೆಚ್ಚಿಸಿ. ಇಳಿದರೆ, ಅಥವಾ ನೀರಿನಂತೆ ಬೇಧಿ ಶುರುವಾಗಿ ಮರಿ ಮಂಕಾದರೆ, ನಾಳೆ ನೋಡೋಣ ಎನ್ನದೆ ಪಶುವೈದ್ಯರ ಹತ್ತಿರ ಕರೆದೊಯ್ಯಿರಿ. ಸ್ವಲ್ಪ ಸಡಿಲ ಮಲಕ್ಕೆ ಗಾಬರಿ ಬೇಡ, ಹೊಸ ಆಹಾರಕ್ಕೆ ಹೊಟ್ಟೆ ಹೊಂದಿಕೊಳ್ಳುವವರೆಗೆ ಅದು ಇರುತ್ತದೆ. ಹುಳುವಿನ ಔಷಧಿ ಇನ್ನೂ ಕೊಡಿಸಿಲ್ಲವಾದರೆ ಅದನ್ನೂ ಅವರಲ್ಲೇ ಕೇಳಿ.

ಬಾಟಲಿ ಬಿಡಿಸುವ ಅವಸರದಲ್ಲಿ ಹಸುವಿನ ಹಾಲನ್ನು ತಟ್ಟೆಗೆ ಸುರಿಯುವವರಿದ್ದಾರೆ. ಅದರಲ್ಲಿ ಬೆಕ್ಕಿನ ಹಾಲಿನಲ್ಲಿರುವಷ್ಟು ಪ್ರೋಟೀನ್ ಇಲ್ಲ, ಲ್ಯಾಕ್ಟೋಸ್ ಎಂಬ ಹಾಲಿನ ಸಕ್ಕರೆ ಮಾತ್ರ ಜಾಸ್ತಿ. ಸಿಗುವ ಫಲ ಬೇಧಿ. ನಾಯಿ ಆಹಾರವೂ ಆಗದು, ಬೆಕ್ಕಿಗೆ ಬೇಕೇ ಬೇಕಾದ ಟಾರಿನ್ ಎಂಬ ಪೋಷಕಾಂಶ ಅದರಲ್ಲಿ ಸಾಲದು. ಈ ವಯಸ್ಸಿಗೆ ಕುಡಿಯಲು ಸಾದಾ ನೀರು, ತಗ್ಗಾದ ಬಟ್ಟಲಲ್ಲಿ, ಯಾವಾಗಲೂ ಇರಲಿ. ಮಲಮೂತ್ರದ ಟ್ರೇಯಲ್ಲಿ ಒದ್ದೆಯಾದರೆ ಗಟ್ಟಿಯಾಗಿ ಉಂಡೆಕಟ್ಟುವ ಲಿಟರ್ (ಟ್ರೇಗೆ ಹರಡುವ ಮರಳಿನಂಥ ಹರಳು) ಹಾಕಬೇಡಿ. ತಿನ್ನಲು ಕಲಿಯುತ್ತಿರುವ ಮರಿ ಅದನ್ನೂ ರುಚಿ ನೋಡುತ್ತದೆ.

ಚೆನ್ನಾಗಿ ತಿನ್ನತೊಡಗಿದ ಮೇಲೂ ಅದು ನಿಮ್ಮ ಬೆರಳನ್ನೋ ಹೊದಿಕೆಯ ಅಂಚನ್ನೋ ಚೀಪಬಹುದು. ಅದು ಹಸಿವಲ್ಲ, ನೆಮ್ಮದಿಯ ಚೀಪುವಿಕೆ. ಮೆತ್ತನೆಯ ಬಟ್ಟೆಯೊಂದನ್ನು ಕೊಟ್ಟುಬಿಡಿ, ನೂಲು ಕಿತ್ತು ನುಂಗದಂತೆ ಮಾತ್ರ ಕಣ್ಣಿಡಿ.

ಗಂಜಿಯಲ್ಲಿ ಹಾಲಿನ ಪಾಲನ್ನು ಕಡಿಮೆ ಮಾಡುತ್ತಾ ಗಟ್ಟಿ ಮಾಡುತ್ತಾ ಹೋದರೆ ಆರರಿಂದ ಎಂಟು ವಾರದೊಳಗೆ ಹೆಚ್ಚಿನ ಮರಿಗಳು ಪೂರ್ತಿ ತಟ್ಟೆಗೆ ಬರುತ್ತವೆ. ಮೊದಲು ಹಗಲಿನ ಬಾಟಲಿಗಳನ್ನು ಒಂದೊಂದಾಗಿ ಬಿಡಿಸಿ, ಮಲಗುವ ಹೊತ್ತಿನದನ್ನು ಕೊನೆಗೆ. ಅದೂ ಇಲ್ಲದೆ ಮೂರು ದಿನ ತೂಕ ಏರಿತೆಂದರೆ ಬಾಟಲಿ ತೊಳೆದು ಒಣಗಿಸಿ ಕಪಾಟಿನಲ್ಲಿಡಿ. ಎಸೆಯಬೇಡಿ. ಮೂಗು ಕಟ್ಟಿ ವಾಸನೆ ಸಿಗದ ಒಂದು ದಿನ ಬಂದರೆ, ಚೆನ್ನಾಗಿ ತಿನ್ನುತ್ತಿದ್ದ ಮರಿಯೂ ತಟ್ಟೆಯಿಂದ ಮುಖ ತಿರುಗಿಸಿ ಮತ್ತೆ ಆ ಕಪಾಟಿನ ಕಡೆಗೇ ನೋಡುತ್ತದೆ.