ತಿಂಗಳುಗಟ್ಟಲೆ ಇಬ್ಬರೇ ಊರೂರು ಸುತ್ತಿದರೆ ಜಗಳ ಬರುವುದಿಲ್ಲವೇ?

ಪ್ರಶ್ನೆ: ನಾನು ಬ್ಯಾಂಕಿನ ಕೆಲಸದಿಂದ ನಿವೃತ್ತನಾಗಿದ್ದೇನೆ. ನನ್ನ ಶ್ರೀಮತಿ ಶಾಲಾ ಶಿಕ್ಷಕಿ, ಅವಳೂ ಸದ್ಯದಲ್ಲೇ ನಿವೃತ್ತಳಾಗುತ್ತಾಳೆ. ಮಕ್ಕಳು ಅವರವರ ಊರುಗಳಲ್ಲಿ ನೆಲೆ ನಿಂತಿದ್ದಾರೆ. ಮನೆಗೆ ಬೀಗ ಹಾಕಿ ಐದಾರು ತಿಂಗಳು ಓಂಕಾರೇಶ್ವರ, ಕಾಶಿ, ಅಸ್ಸಾಂ, ಹಿಮಾಚಲದ ಸ್ಪಿತಿ ಎಂದು ಸುತ್ತಿ ಬರುವ ಆಸೆ ಇಬ್ಬರಿಗೂ ಇದೆ. ಆದರೆ ಅಷ್ಟು ದಿನ ಹಗಲೂ ರಾತ್ರಿ ಇಬ್ಬರೇ ಇದ್ದರೆ ಜಗಳ ಬರುವುದಿಲ್ಲವೇ? ಅದನ್ನು ನಿಭಾಯಿಸುವುದು ಹೇಗೆ?

ಉತ್ತರ: ಬರುತ್ತದೆ. ನನಗೆ ಬರುವ ಪ್ರಶ್ನೆಗಳಲ್ಲಿ ಇದೇ ಹೆಚ್ಚು. ಖರ್ಚಿನ ಬಗ್ಗೆ ಕೇಳುವವರು ಕೂಡ ಇದರ ನಂತರವೇ. ಗಂಡ ಹೆಂಡತಿ ಅನ್ಯೋನ್ಯವಾಗಿದ್ದರೆ ಜಗಳ ಬರುವುದಿಲ್ಲ ಎಂದು ಹಲವರು ಸಮಾಧಾನ ಹೇಳುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ದೀರ್ಘ ಪ್ರಯಾಣದ ಜಗಳಕ್ಕೂ ಪ್ರೀತಿಗೂ ಹೆಚ್ಚು ಸಂಬಂಧವಿಲ್ಲ. ಅದು ಹುಟ್ಟುವುದು ತೀರ್ಮಾನಗಳಿಂದ.

ಮನೆಯಲ್ಲಿ ಹಾಲು ತರುವವರು ಯಾರು, ಕರೆಂಟ್ ಬಿಲ್ ಕಟ್ಟುವವರು ಯಾರು, ರಾತ್ರಿ ಮಲಗುವ ಮುನ್ನ ಗ್ಯಾಸ್ ಸಿಲಿಂಡರ್ ಬಂದ್ ಆಗಿದೆಯೇ ಎಂದು ನೋಡುವವರು ಯಾರು ಎಂಬುದು ಮದುವೆಯಾದ ಕೆಲವೇ ವರ್ಷಗಳಲ್ಲಿ ಗೊತ್ತಾಗಿ ಹೋಗಿರುತ್ತದೆ. ಯಾರೂ ಕುಳಿತು ಚರ್ಚಿಸಿದ್ದಲ್ಲ, ರೂಢಿಯಲ್ಲಿ ಬಂದದ್ದು. ಬೀಗ ಹಾಕಿ ಹೊರಟ ದಿನವೇ ಆ ರೂಢಿಯೆಲ್ಲ ಅಳಿಸಿ ಹೋಗುತ್ತದೆ. ಎಲ್ಲಿ ತಿಂಡಿ ತಿನ್ನುವುದು, ಆಟೋದವನು ಕೇಳಿದ್ದನ್ನು ಕೊಡುವುದೋ ಚೌಕಾಸಿ ಮಾಡುವುದೋ, ಈ ಕೋಣೆ ಸಾಕೋ ಇನ್ನೊಂದು ನೋಡುವುದೋ, ಇಂದು ಹೊರಡುವುದೋ ನಾಳೆಯೋ, ಎಲ್ಲವನ್ನೂ ದಿನವೂ ಹೊಸದಾಗಿ ನಿರ್ಧರಿಸಬೇಕು. ‘ನೀವೇ ಹೇಳಿ’ ಎಂದು ಅವಳು, ‘ನೀನೇ ಹೇಳು’ ಎಂದು ಅವರು. ಮೊದಲ ವಾರ ಇದು ಸೌಜನ್ಯ. ಮೂರನೆಯ ವಾರದ ಹೊತ್ತಿಗೆ ಇದೇ ಮಾತಿನಲ್ಲಿ ಸಿಡುಕು ಸೇರಿರುತ್ತದೆ, ಏಕೆಂದರೆ ಹೇಳಿದವರ ತಲೆಯ ಮೇಲೆ ತಪ್ಪೂ ಬರುತ್ತದೆ ಎಂಬುದು ಆ ವೇಳೆಗೆ ಇಬ್ಬರಿಗೂ ಗೊತ್ತಾಗಿರುತ್ತದೆ.

ನನಗೆ ಈ ವಿಷಯ ಸ್ಪಷ್ಟವಾದದ್ದು ನರ್ಮದೆಯ ದಡದ ಮಹೇಶ್ವರದ ಸ್ನಾನಘಟ್ಟದಲ್ಲಿ. ನರ್ಮದಾ ಪರಿಕ್ರಮದಲ್ಲಿದ್ದ ಮಹಾರಾಷ್ಟ್ರದ ಹಿರಿಯ ದಂಪತಿ ಬಿಳಿ ಬಟ್ಟೆಯಲ್ಲಿ, ಕೈಯಲ್ಲಿ ಕೋಲು ಹಿಡಿದು ಮೆಟ್ಟಿಲ ಮೇಲೆ ದಣಿವಾರಿಸಿಕೊಳ್ಳುತ್ತಿದ್ದರು. ಆ ನದಿಯ ಉದ್ದ 1,312 ಕಿಲೋಮೀಟರ್. ಒಂದು ದಡದಲ್ಲಿ ಹೋಗಿ ಇನ್ನೊಂದು ದಡದಲ್ಲಿ ಬರುವವರು 2,600 ಕಿಲೋಮೀಟರಿಗೂ ಹೆಚ್ಚು ನಡೆಯುತ್ತಾರೆ. ಇಷ್ಟು ದೂರ ಇಬ್ಬರೇ ನಡೆಯುವಾಗ ಮನಸ್ತಾಪ ಬರುವುದಿಲ್ಲವೇ ಎಂದು, ನೀವು ನನ್ನನ್ನು ಕೇಳಿದ ಹಾಗೆಯೇ, ನಾನು ಆ ತಾಯಿಯನ್ನು ಕೇಳಿದೆ. ‘ಜಗಳವಾಡಲು ಏನಿದೆ? ನದಿ ಬಲಗಡೆ ಇರಬೇಕು, ಅಷ್ಟೇ’ ಎಂದರು. ನದಿಯನ್ನು ಸದಾ ಬಲಕ್ಕೆ ಇಟ್ಟುಕೊಳ್ಳಬೇಕು, ಎಲ್ಲಿಯೂ ದಾಟಬಾರದು, ಸಂಜೆಯಾದಲ್ಲಿ ತಂಗಬೇಕು, ಆಶ್ರಮದವರು ಸದಾವ್ರತವಾಗಿ ಕೊಟ್ಟ ಅಕ್ಕಿ ಬೇಳೆಯಲ್ಲಿ ಅಡುಗೆ ಮಾಡಿಕೊಳ್ಳಬೇಕು. ಓಂಕಾರೇಶ್ವರದ ಜ್ಯೋತಿರ್ಲಿಂಗ ನದಿಯ ನಡುವಿನ ದ್ವೀಪದಲ್ಲಿದೆ. ಪರಿಕ್ರಮದವರು ಅಷ್ಟು ಹತ್ತಿರ ಬಂದರೂ ನೀರು ದಾಟಬೇಕಾಗುತ್ತದೆಂದು ಅಲ್ಲಿಗೆ ಕಾಲಿಡುವುದಿಲ್ಲ. ನಿಯಮ ಕಠಿಣ, ನಿಜ. ಆದರೆ ಅದು ಆ ಇಬ್ಬರ ಮೇಲಿನ ಒಂದು ದೊಡ್ಡ ಭಾರವನ್ನು ಇಳಿಸಿಬಿಟ್ಟಿದೆ. ಎಡಕ್ಕೋ ಬಲಕ್ಕೋ ಎಂಬ ಪ್ರಶ್ನೆಯೇ ಅವರಿಗಿಲ್ಲ.

ನಮ್ಮ ನಿಮ್ಮಂಥವರಿಗೆ ಅಂಥ ವ್ರತವಿಲ್ಲ. ಹಾಗಾಗಿ ನಿಯಮವನ್ನು ನಾವೇ ಮಾಡಿಕೊಳ್ಳಬೇಕು. ನಮ್ಮಲ್ಲಿ ರೈಲು, ಬಸ್ಸು, ದೋಣಿ ಎಲ್ಲವೂ ಯಜಮಾನರದು. ಎಲ್ಲಿ ಉಳಿಯುವುದು, ಎಷ್ಟು ದಿನ ಉಳಿಯುವುದು ನನ್ನದು. ಊಟ ದಿನ ಬಿಟ್ಟು ದಿನ. ವಹಿಸಿಕೊಂಡವರ ತೀರ್ಮಾನದ ಬಗ್ಗೆ ಇನ್ನೊಬ್ಬರು ಆ ದಿನ ತುಟಿ ಬಿಚ್ಚುವಂತಿಲ್ಲ. ಕೋಣೆಯಲ್ಲಿ ಸೊಳ್ಳೆ ಇರಲಿ, ರೈಲು ಆರು ಗಂಟೆ ತಡವಾಗಲಿ, ‘ನಾನು ಆಗಲೇ ಹೇಳಿದ್ದೆ’ ಎಂಬ ಮಾತು ಬರಕೂಡದು. ಇದನ್ನು ಪಾಲಿಸುವುದು ಕಷ್ಟ. ಆದರೂ ಇದೊಂದನ್ನು ಬಿಟ್ಟರೆ ಉಳಿದ ಯಾವ ಸಲಹೆಯೂ ಕೆಲಸಕ್ಕೆ ಬರುವುದಿಲ್ಲ ಎಂದೇ ನನ್ನ ನಂಬಿಕೆ.

ರೈಲಿನ ವಿಷಯ ವಹಿಸಿಕೊಳ್ಳುವವರಿಗೆ ಕೆಲವು ಸಂಗತಿ ತಿಳಿದಿರಲಿ. ಮುಂಗಡ ಕಾಯ್ದಿರಿಸುವ ಅವಧಿ 2024ರ ನವೆಂಬರ್ 1ರಿಂದ 120 ದಿನಕ್ಕೆ ಬದಲಾಗಿ 60 ದಿನ. ಆದ್ದರಿಂದ ಐದು ತಿಂಗಳ ಟಿಕೆಟ್ಟನ್ನು ಮನೆಯಲ್ಲೇ ಕುಳಿತು ಮುಗಿಸುವಂತಿಲ್ಲ, ದಾರಿಯಲ್ಲಿ ಮಾಡುತ್ತಲೇ ಇರಬೇಕು. ಇಬ್ಬರದ್ದನ್ನೂ ಒಂದೇ ಪಿಎನ್‌ಆರ್‌ನಲ್ಲಿ ಮಾಡಿಸಿ. ಆನ್‌ಲೈನ್ ಟಿಕೆಟ್ ಪೂರ್ತಿ ವೇಟಿಂಗ್ ಲಿಸ್ಟ್‌ನಲ್ಲೇ ಉಳಿದರೆ ತಾನಾಗಿ ರದ್ದಾಗುತ್ತದೆ. ಅದೇ ಒಬ್ಬರದ್ದಾದರೂ ಖಚಿತವಾದರೆ ಇಬ್ಬರೂ ಹತ್ತಬಹುದು. 60 ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ ಖಾಲಿ ಇದ್ದರೆ ಕೆಳಗಿನ ಬರ್ತ್ ಸಿಗುವ ವ್ಯವಸ್ಥೆ ಇದೆ. ಹೊರಟ ನಿಲ್ದಾಣಕ್ಕೇ ಮರಳುವ ಸುತ್ತು ಪ್ರಯಾಣವಾದರೆ ರೈಲ್ವೆಯ ಸರ್ಕ್ಯುಲರ್ ಜರ್ನಿ ಟಿಕೆಟ್ಟನ್ನೂ ವಿಚಾರಿಸಿ. ಗರಿಷ್ಠ ಎಂಟು ಕಡೆ ಇಳಿದು ತಂಗಬಹುದು, ದೂರ ಹೆಚ್ಚಿದಂತೆ ದರ ಇಳಿಯುವ ಲೆಕ್ಕದಲ್ಲಿ ಒಟ್ಟು ಖರ್ಚು ಕಡಿಮೆ ಬೀಳುತ್ತದೆ. ಪ್ರತಿ ಹಂತಕ್ಕೂ ಸೀಟು ಮಾತ್ರ ಬೇರೆಯಾಗಿ ಕಾಯ್ದಿರಿಸಬೇಕು.

ಆರ್‌ಎಸಿ, ಅಂದರೆ ಪೂರ್ತಿ ಬರ್ತ್ ಇಲ್ಲದೆ ಕುಳಿತುಕೊಳ್ಳುವ ಜಾಗ ಮಾತ್ರ, ಸಿಕ್ಕರೆ ಮುಖ ಸಣ್ಣದು ಮಾಡಿಕೊಳ್ಳಬೇಡಿ. ಪಕ್ಕದ ಕೆಳ ಬರ್ತಿನಲ್ಲಿ ಇಬ್ಬರಿಗೂ ಎದುರುಬದುರು ಕುಳಿತುಕೊಳ್ಳುವ ಜಾಗ, ನಡುವೆ ಒಂದು ಕಿಟಕಿ. ರಾತ್ರಿ ಹಲಗೆ ಇಳಿಸಿದರೆ ಒಂದೇ ಹಾಸಿಗೆ. ಇಟಾರ್ಸಿಯಿಂದ ಆಚೆ ನಾವು ಹಾಗೆ ಹೋದ ರಾತ್ರಿಯಲ್ಲಿ ಯಜಮಾನರು ಹನ್ನೆರಡರವರೆಗೆ ಕಾಲು ಮಡಚಿ ಕುಳಿತು ನನ್ನನ್ನು ಮಲಗಲು ಬಿಟ್ಟರು. ಆಮೇಲೆ ಅವರು ಮಲಗಿದರು, ನಾನು ಕಿಟಕಿಗೆ ತಲೆ ಆನಿಸಿ ಕುಳಿತೆ. ಗೋಧಿ ಹೊಲಗಳ ಮೇಲೆ ಬೆಳಕು ಹರಿಯುವುದನ್ನು ಅಂದು ನೋಡಿದಷ್ಟು ನಿಧಾನವಾಗಿ ನಾನು ಮತ್ತೆಂದೂ ನೋಡಿಲ್ಲ.

ಎರಡನೆಯ ಮಾತು: ದಿನಕ್ಕೆ ಕೆಲವು ಗಂಟೆ ಬೇರೆಯಾಗಿರಿ. ಇದನ್ನು ಹೇಳಿದಾಗ ನಮ್ಮ ಕಡೆಯವರು ಗಾಬರಿಯಾಗುತ್ತಾರೆ, ಜೊತೆಯಾಗಿ ಹೋಗುವುದೇ ಬೇರೆ ಬೇರೆ ಇರುವುದಕ್ಕೋ ಎಂದು. ಮನೆಯಲ್ಲಿದ್ದಾಗ ನೀವು ವಾಕಿಂಗ್ ಹೋಗುತ್ತೀರಿ, ನಿಮ್ಮ ಶ್ರೀಮತಿ ಪಕ್ಕದ ಮನೆಯವರೊಡನೆ ಮಾತನಾಡುತ್ತಾರೆ, ಸಂಜೆ ಹೇಳಿಕೊಳ್ಳಲು ಏನಾದರೂ ಇರುತ್ತದೆ. ಒಂದೇ ಕೋಣೆ, ಒಂದೇ ಆಟೋ, ಒಂದೇ ದೃಶ್ಯವಾದರೆ ಹೇಳಿಕೊಳ್ಳಲು ಏನೂ ಉಳಿಯುವುದಿಲ್ಲ. ಕಾಶಿಯಲ್ಲಿ ನಾವು ಹನುಮಾನ್ ಘಾಟ್ ಹತ್ತಿರ ಇದ್ದೆವು. ದಕ್ಷಿಣದವರು ತಲೆಮಾರುಗಳಿಂದ ನೆಲೆಸಿರುವ ಆ ಗಲ್ಲಿಗಳಲ್ಲಿ ನಡೆದರೆ ಕನ್ನಡ, ತಮಿಳು, ತೆಲುಗು ಕಿವಿಗೆ ಬೀಳುತ್ತಲೇ ಇರುತ್ತವೆ. ಯಜಮಾನರು ಬೆಳಗಿನ ಹೊತ್ತು ಘಟ್ಟದ ಮೆಟ್ಟಿಲು ಬಿಟ್ಟು ಏಳುತ್ತಿರಲಿಲ್ಲ. ನನಗೆ ಕುಳಿತರೆ ಕಾಲು ಜೋಮು. ನಾನು ಜಂಗಮವಾಡಿ ಮಠದ ಕಡೆಗೋ, ರೇಷ್ಮೆ ನೇಯುವವರ ಮದನಪುರದ ಕಡೆಗೋ ಹೊರಟುಬಿಡುತ್ತಿದ್ದೆ. ಮಧ್ಯಾಹ್ನ ಊಟಕ್ಕೆ ಕೂಡುತ್ತಿದ್ದೆವು. ಅವರು ದೋಣಿಯವನ ಮಗಳ ಮದುವೆಯ ಸಾಲದ ಕಥೆ ಹೇಳುತ್ತಿದ್ದರು, ನಾನು ಮಗ್ಗದ ಕುಳಿಯಲ್ಲಿ ಕಾಲಿಳಿಬಿಟ್ಟು ಜರಿಯ ಹೂ ಎತ್ತುತ್ತಿದ್ದ ಮುದುಕರ ಬಗ್ಗೆ. ಒಂದೇ ಊರು ಎರಡು ಪಟ್ಟು ಸಿಕ್ಕಂತಾಯಿತು.

ಇದಕ್ಕೆ ಒಂದು ಊರಿನಲ್ಲಿ ಕನಿಷ್ಠ ವಾರವಾದರೂ ನಿಲ್ಲಬೇಕು. ಎರಡು ದಿನಕ್ಕೊಂದು ಊರು ಬದಲಿಸುವವರು ಅರ್ಧ ಆಯುಷ್ಯವನ್ನು ಚೀಲ ಕಟ್ಟುವುದರಲ್ಲಿ ಕಳೆಯುತ್ತಾರೆ. ಅಸ್ಸಾಂಗೆ ಹೋದರೆ ಜೋರ್ಹಾಟ್ ಬಳಿಯ ನಿಮಾತಿ ಘಾಟ್‌ನಿಂದ ಬ್ರಹ್ಮಪುತ್ರ ದಾಟಿ ಮಾಜುಲಿ ದ್ವೀಪದಲ್ಲಿ ಇಳಿದು ಅಲ್ಲೇ ಇದ್ದುಬಿಡಿ. ಅಲ್ಲಿನ ಸಾಮಗುರಿ ಸತ್ರ ಎಂಬ ವೈಷ್ಣವ ಮಠದಲ್ಲಿ ಬಿದಿರಿನ ಚೌಕಟ್ಟಿಗೆ ಮಣ್ಣು ಬಳಿದ ಬಟ್ಟೆ ಹೊದಿಸಿ, ಸಗಣಿ ಕಲಸಿದ ಮಣ್ಣಿನಿಂದ ಕಣ್ಣು ಮೂಗು ತಿದ್ದಿ ಮುಖವಾಡ ಮಾಡುತ್ತಾರೆ. ಹಸಿ ಮಣ್ಣು ಒಣಗಿ ಬಣ್ಣ ಏರುವವರೆಗೆ ನೋಡಲು ದಿನಗಳೇ ಬೇಕು.

ಇನ್ನು ಸ್ಪಿತಿ. ಇದರ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಎತ್ತರದಲ್ಲಿ ಇಬ್ಬರ ದೇಹ ಒಂದೇ ರೀತಿ ವರ್ತಿಸುವುದಿಲ್ಲ. ಗಟ್ಟಿಮುಟ್ಟಾದವರಿಗೇ ಮೊದಲು ತೊಂದರೆ ಬರಬಹುದು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಏರದೆ ನಿಲ್ಲಬೇಕು ಎನ್ನುವುದು ವೈದ್ಯರ ಸಾಮಾನ್ಯ ಸೂಚನೆ. ಮನಾಲಿಯಿಂದ ಹೊರಟರೆ ಒಂದೇ ದಿನದಲ್ಲಿ ನಾಲ್ಕೂವರೆ ಸಾವಿರ ಮೀಟರ್ ಎತ್ತರದ ಕುಂಜುಮ್ ಪಾಸ್ ದಾಟುತ್ತೀರಿ. ಶಿಮ್ಲಾದಿಂದ ರಾಂಪುರ, ಕಲ್ಪಾ, ನಾಕೋ, ತಾಬೋ ಎಂದು ಹೋದರೆ ದೇಹಕ್ಕೆ ಹೊಂದಿಕೊಳ್ಳಲು ಸಮಯ ಸಿಗುತ್ತದೆ. ನಾಕೋದಲ್ಲಿ ಯಜಮಾನರಿಗೆ ತಲೆನೋವು ಶುರುವಾಯಿತು, ಊಟ ಸೇರಲಿಲ್ಲ. ‘ಏನಿಲ್ಲ, ಬಸ್ಸಿನ ಕುಲುಕಾಟ. ನಾಳೆ ಕಾಜಾಕ್ಕೆ ಹೋಗಿಬಿಡೋಣ’ ಎಂದರು. ಪ್ರಯಾಣ ಅವರ ಖಾತೆ, ನಿಜ. ಆದರೆ ಆರೋಗ್ಯದ ವಿಷಯದಲ್ಲಿ ಹುಷಾರಾಗಿರುವವರ ಮಾತೇ ನಡೆಯಬೇಕು ಎಂದು ಹೊರಡುವ ಮೊದಲೇ ಗೊತ್ತು ಮಾಡಿಕೊಂಡಿದ್ದೆವು. ‘ನೀವು ಸುಮ್ಮನಿರಿ, ಈಗ ನಾನು ಹೇಳಿದ್ದು’ ಎಂದೆ. ಕೆಳಗಿನ ತಾಬೋಕ್ಕೆ ಇಳಿದು, ತಲೆನೋವು ಪೂರ್ತಿ ಬಿಡುವ ತನಕ ಅಲ್ಲೇ ಇದ್ದೆವು. 996ರಲ್ಲಿ ಕಟ್ಟಿದ ಅಲ್ಲಿನ ಮಣ್ಣಿನ ಬೌದ್ಧ ವಿಹಾರದ ಒಳಗೆ ಕತ್ತಲಿಗೆ ಕಣ್ಣು ಹೊಂದಿಕೊಂಡ ಮೇಲೆ ಗೋಡೆಯ ಚಿತ್ರಗಳು ಒಂದೊಂದಾಗಿ ಕಾಣತೊಡಗುತ್ತವೆ. ನೀವೂ ಈ ನಿಯಮವನ್ನು ಮುಂಚೆಯೇ ಮಾಡಿಕೊಳ್ಳಿ. ನಡಿಗೆ ತಡವರಿಸಿದರೆ, ಮಾತು ಗಲಿಬಿಲಿಯಾದರೆ, ಸುಮ್ಮನೆ ಕುಳಿತಾಗಲೂ ಏದುಸಿರು ಬಂದರೆ ಬೆಳಗಾಗಲೆಂದು ಕಾಯಬಾರದು, ಕೂಡಲೇ ಕೆಳಗಿಳಿದು ವೈದ್ಯರನ್ನು ಕಾಣಬೇಕು.

ಹಣದ ವಿಷಯ ಚಿಕ್ಕದು. ಇಬ್ಬರಲ್ಲಿ ಯಾರಾದರೂ ವ್ಯವಹರಿಸಬಹುದಾದ ಜಂಟಿ ಖಾತೆ ಇರಲಿ, ಎರಡು ಕಾರ್ಡು ಎರಡು ಚೀಲದಲ್ಲಿರಲಿ, ಇಬ್ಬರ ಮೊಬೈಲಿನಲ್ಲೂ ಬೇರೆ ಬೇರೆ ಕಂಪನಿಯ ಸಿಮ್ ಇರಲಿ. ಮುಂದೆಂದಾದರೂ ಕಾಶ್ಮೀರ, ಲಡಾಖ್ ಕಡೆ ಹೊರಟರೆ ಹೊರಗಿನವರ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ, ಒಂದಾದರೂ ಪೋಸ್ಟ್‌ಪೇಯ್ಡ್ ಬೇಕು.

ಸಾರ್, ನೀವು ಕೇಳದಿದ್ದರೂ ಒಂದು ಮಾತು ಹೇಳಲೇಬೇಕು. ಪ್ರಯಾಣದ ಜಗಳಗಳಲ್ಲಿ ಹೆಚ್ಚಿನವು ನಿಜವಾಗಿ ಆಟೋ ಬಾಡಿಗೆಯವಲ್ಲ, ಬಟ್ಟೆ ಒಗೆಯುವುದರವು. ಧರ್ಮಶಾಲೆಗೆ ಬಂದ ತಕ್ಷಣ ಗಂಡ ಕಾಲು ಚಾಚಿ ಮೊಬೈಲ್ ತೆಗೆಯುತ್ತಾರೆ. ಹೆಂಡತಿ ಬಕೆಟ್ಟಿಗೆ ನೀರು ಬಿಟ್ಟು ಇಬ್ಬರ ಬಟ್ಟೆ ನೆನೆಸಿ, ಹಗ್ಗ ಕಟ್ಟಿ ಒಣಗಲು ಹಾಕಿ, ಅವರ ಬಿಪಿ ಮಾತ್ರೆ ಎಣಿಸಿಟ್ಟು, ಮರುದಿನದ ಚೀಲ ಜೋಡಿಸುತ್ತಾಳೆ. ಅವಳ ಪಾಲಿಗೆ ಅಡುಗೆಮನೆಯೊಂದು ತಪ್ಪಿತೇ ಹೊರತು ಕೆಲಸ ತಪ್ಪಲಿಲ್ಲ. ತಿಂಗಳು ಕಳೆದ ಮೇಲೆ ಯಾವುದೋ ಊರಿನ ಚಹಾದ ಅಂಗಡಿಯಲ್ಲಿ ಅವಳು ಕಾರಣವಿಲ್ಲದೆ ರೇಗಿದಂತೆ ನಿಮಗೆ ಕಾಣಬಹುದು. ಕಾರಣ ಹಗ್ಗದ ಮೇಲೆ ಒಣಗುತ್ತಿರುತ್ತದೆ. ನಿಮ್ಮ ಬಟ್ಟೆ ನೀವು ಒಗೆದುಕೊಳ್ಳಿ, ನಿಮ್ಮ ಮಾತ್ರೆ ನೀವು ಇಟ್ಟುಕೊಳ್ಳಿ. ದೂರದ ಬಸ್ಸು ಹತ್ತುವ ಮೊದಲು, ದಾರಿಯಲ್ಲಿ ಹೆಂಗಸರಿಗೆ ಶೌಚಾಲಯ ಎಲ್ಲಿ ಸಿಗುತ್ತದೆ ಎಂದು ಕಂಡಕ್ಟರನ್ನು ನೀವೇ ಕೇಳಿ. ಅನೇಕ ಹೆಂಗಸರು ಇದನ್ನು ಬಾಯಿಬಿಟ್ಟು ಹೇಳದೆ ದಿನವಿಡೀ ನೀರು ಕುಡಿಯದೆ ಪ್ರಯಾಣ ಮಾಡುತ್ತಾರೆ.

ನಿಮ್ಮ ಪಟ್ಟಿಯ ಕ್ರಮ ಹೀಗಿದ್ದರೆ ಒಳ್ಳೆಯದು. ಚಾತುರ್ಮಾಸ್ಯ ಮುಗಿದು ಪರಿಕ್ರಮದವರು ಹೊರಡುವ ನವೆಂಬರಿನಲ್ಲಿ ಓಂಕಾರೇಶ್ವರ, ಮಹೇಶ್ವರ. ಡಿಸೆಂಬರ್ ಜನವರಿಯಲ್ಲಿ ಗಂಗೆಯ ಬಯಲಿನ ಮಂಜಿಗೆ ರೈಲುಗಳು ಗಂಟೆಗಟ್ಟಲೆ ತಡವಾಗುತ್ತವೆ. ಆ ಎರಡು ತಿಂಗಳು ಗುಜರಾತಿನ ಕಡೆ ತಿರುಗಿ. ಫೆಬ್ರವರಿಯಲ್ಲಿ ಕಾಶಿ. ಮಾರ್ಚ್ ಕೊನೆಗೆ ಅಸ್ಸಾಂ ಸೇರಿದರೆ ಏಪ್ರಿಲ್ ಮಧ್ಯದ ರೊಂಗಾಲಿ ಬಿಹುವನ್ನು ನೋಡಿಕೊಂಡು, ಬ್ರಹ್ಮಪುತ್ರ ಉಕ್ಕುವ ಮುನ್ನ ಮನೆಗೆ ಮರಳಬಹುದು. ಸ್ಪಿತಿಯನ್ನು ಇದೇ ಸುತ್ತಿಗೆ ಸೇರಿಸಬೇಡಿ. ಒಂದು ತಿಂಗಳು ಮನೆಯಲ್ಲಿದ್ದು, ಡಾಕ್ಟರಿಗೆ ತೋರಿಸಿಕೊಂಡು, ಜೂನ್‌ನಲ್ಲಿ ಶಿಮ್ಲಾ ಕಡೆಯಿಂದ ಹತ್ತಿ.