ಹೂವಿನ ಸೆಂಟ್ ಅಂತಾರೆ, ಹೂವೆಲ್ಲಿ? ಶನೆಲ್ ನಂಬರ್ 19 ಬಗ್ಗೆ ಒಂದು ಉತ್ತರ

ಪ್ರಶ್ನೆ: ಶನೆಲ್ ನಂಬರ್ 19 ಬಗ್ಗೆ ತುಂಬಾ ಕೇಳಿದ್ದೆ. ಅಂಗಡಿಯಲ್ಲಿ ಕೈಗೆ ಹಾಕಿಸಿಕೊಂಡರೆ ಹಸಿ ಸೊಪ್ಪು ಕಿವುಚಿದ ಹಾಗೆ ಕಹಿ ವಾಸನೆ. ಇದು ಹೂವಿನ ಸೆಂಟ್ ಅಲ್ವಾ? ಹೂವೆಲ್ಲಿ? ಇಷ್ಟು ದುಡ್ಡು ಕೊಟ್ಟು ತಗೊಂಡರೆ ನಮ್ಮ ಸೆಕೆಗೆ ಹೊಂದುತ್ತಾ?

ಉತ್ತರ: ಹೂವು ಇದೆ. ಬರುವುದು ಸ್ವಲ್ಪ ತಡ. ಅಂಗಡಿಯಲ್ಲಿ ನೀವು ಮೂಸಿದ್ದು ಮೊದಲ ಐದು ನಿಮಿಷದ ವಾಸನೆ. ಅಷ್ಟಕ್ಕೇ ತೀರ್ಮಾನ ಮಾಡಿಬಿಟ್ಟರೆ ಈ ಸೆಂಟಿನ ಮುಕ್ಕಾಲು ಪಾಲು ನಿಮಗೆ ಸಿಕ್ಕಿಯೇ ಇರುವುದಿಲ್ಲ. ನನಗೆ ತುಂಬಾ ಇಷ್ಟವಾದ ಸೆಂಟ್ ಇದು, ಹಾಗಾಗಿ ಅದನ್ನು ಐದು ನಿಮಿಷಕ್ಕೆ ಕೈಬಿಟ್ಟವರನ್ನು ಕಂಡರೆ ಬೇಜಾರಾಗುತ್ತದೆ.

ಮೊದಲು ಆ ಕಹಿ ಎಲ್ಲಿಂದ ಬಂತು ನೋಡೋಣ. ಅದರ ಹೆಸರು ಗಾಲ್ಬನಮ್. ನಮ್ಮ ಅಡುಗೆಮನೆಯ ಇಂಗು ಬರುತ್ತದಲ್ಲ, ಅದೇ ಫೆರುಲಾ ಕುಲದ ಇನ್ನೊಂದು ಗಿಡದ ಅಂಟು ಇದು. ಮುಖ್ಯವಾಗಿ ಇರಾನಿನಿಂದ ಬರುತ್ತದೆ. ಬುಡದಲ್ಲಿ ಕೊಯ್ದರೆ ಹಾಲು ಒಸರುತ್ತದೆ, ಒಣಗಿ ಅಂಟಾಗುತ್ತದೆ. ಅದನ್ನು ಬಟ್ಟಿ ಇಳಿಸಿ ಎಣ್ಣೆ ತೆಗೆಯುತ್ತಾರೆ. ಇಂಗಿನ ಘಾಟು ಇದರಲ್ಲಿಲ್ಲ. ಬದಲಿಗೆ ಹಸಿ ಎಲೆ, ಮುರಿದ ದಂಟು, ಕತ್ತರಿಸಿದ ಹುಲ್ಲಿನ ವಾಸನೆ. ಇದರಲ್ಲಿ ಪೈರಜೀನ್ ಎನ್ನುವ ಜಾತಿಯ ಕಣಗಳಿವೆ. ಹಸಿರು ದೊಣ್ಣೆಮೆಣಸಿನಕಾಯಿ ಹೆಚ್ಚಿದಾಗ ಮೂಗಿಗೆ ಬಡಿಯುವುದೂ ಇವೇ. ಎಣ್ಣೆಯಲ್ಲಿ ಚೂರೇ ಚೂರು ಇದ್ದರೂ ನಮ್ಮ ಮೂಗು ಇವನ್ನು ಬಿಡುವುದಿಲ್ಲ. ಅದಕ್ಕೇ ಮೊದಲ ಏಟು ಅಷ್ಟು ಜೋರಾಗಿರುತ್ತದೆ.

ಹೂವಿನ ಸೆಂಟಿಗೆ ಇಂಥ ಕಹಿಯನ್ನು ಯಾಕೆ ಹಾಕಿದರು? ಹಸಿ ಎಲೆಯ ವಾಸನೆ ಬೆರೆತ ಹೂವಿನ ಸೆಂಟುಗಳ ಕಥೆಯಲ್ಲಿ ಮೊದಲು ಬರುವ ಹೆಸರು ಪ್ಯಾರಿಸ್ಸಿನ ಬಾಲ್ಮೆನ್ ಸಂಸ್ಥೆಗಾಗಿ 1947ರಲ್ಲಿ ಜೆರ್ಮೇನ್ ಸೆಲಿಯೆ ಮಾಡಿದ ವೆಂ ವೆರ್. ಗಾಲ್ಬನಮ್ ಅನ್ನು ಆಕೆ ಯಾರೂ ಹಾಕದಷ್ಟು ಸುರಿದಿದ್ದರು. ನಂಬರ್ 19 ಬಂದದ್ದು 1970ರಲ್ಲಿ. ಮಾಡಿದವರು ಆನ್ರಿ ರೊಬೇರ್. 1921ರಲ್ಲಿ ನಂಬರ್ 5 ಮಾಡಿದ ಅರ್ನೆಸ್ಟ್ ಬೋ ಅವರ ನಂತರ ಶನೆಲ್‌ನಲ್ಲಿ ಸೆಂಟ್ ಮಾಡುವ ಕೆಲಸ ರೊಬೇರ್ ಅವರದಾಗಿತ್ತು. ಸಂಸ್ಥೆ ಕಟ್ಟಿದ ಗೇಬ್ರಿಯಲ್ ಶನೆಲ್ ಹುಟ್ಟಿದ್ದು 1883ರ ಆಗಸ್ಟ್ 19ರಂದು. ಸೆಂಟಿನ ಹೆಸರಿನಲ್ಲಿರುವ 19 ಆ ತಾರೀಖೇ. 1971ರ ಜನವರಿಯಲ್ಲಿ, 87ನೇ ವಯಸ್ಸಿನಲ್ಲಿ ಆಕೆ ತೀರಿಕೊಂಡರು. ಆಕೆ ಬದುಕಿದ್ದಾಗ ಬಂದ ಕೊನೆಯ ಸೆಂಟ್ ಇದೇ. ಆ ವಯಸ್ಸಿನಲ್ಲೂ ಯಾರನ್ನೂ ಓಲೈಸದ ಒಂದು ಸೆಂಟಿಗೆ ತಮ್ಮ ಹುಟ್ಟಿದ ದಿನವನ್ನು ಕೊಟ್ಟರಲ್ಲ, ಅದು ನನಗೆ ಬಹಳ ಹಿಡಿಸುತ್ತದೆ.

ಈ ಹಸಿರು-ಹೂವಿನ ಜೋಡಿ ನಮಗೇನೂ ಹೊಸದಲ್ಲ. ಮಲ್ಲಿಗೆ ದಂಡೆ ಕಟ್ಟುವಾಗ ನಡುನಡುವೆ ಮರುಗ, ದವನ ಸೇರಿಸುತ್ತಾರೆ. ಅಂದಕ್ಕೆ ಮಾತ್ರ ಅಲ್ಲ. ಬರೀ ಮಲ್ಲಿಗೆ ಮುಡಿದರೆ ಕೆಲವರಿಗೆ ತಲೆ ಹಿಡಿಯುತ್ತದೆ. ಮರುಗದ ಖಾರ ಬಿದ್ದರೆ ಮಲ್ಲಿಗೆಯ ಸಿಹಿ ಹದಕ್ಕೆ ಬರುತ್ತದೆ. ರೊಬೇರ್ ಮಾಡಿದ್ದೂ ಇದೇ ಕೆಲಸ. ಆದರೆ ಅವರ ದಂಡೆಯಲ್ಲಿ ಎಲೆಯೇ ಮುಂದೆ, ಹೂವು ಹಿಂದೆ.

ಇನ್ನು ಆ ಹೂವಿನ ವಿಷಯ. ಇದರಲ್ಲಿ ಗುಲಾಬಿ ಇದೆ, ಕಿತ್ತಳೆ ಜಾತಿಯ ಹೂವಿನಿಂದ ತೆಗೆದ ನೆರೋಲಿ ಇದೆ. ಆದರೆ ಸೆಂಟಿನ ಜೀವ ಇರುವುದು ಐರಿಸ್‌ನಲ್ಲಿ. ವಿಚಿತ್ರ ಅಂದರೆ ಐರಿಸ್‌ನಲ್ಲಿ ಸೆಂಟಿಗೆ ಬೇಕಾಗುವುದು ಹೂವಲ್ಲ, ಗೆಡ್ಡೆ. ಇಟಲಿಯ ಟಸ್ಕನಿ ಕಡೆ ಇದಕ್ಕೆ ಹೆಸರುವಾಸಿ. ಗೆಡ್ಡೆ ಮೂರು ವರ್ಷ ಮಣ್ಣಿನಲ್ಲಿ ಬೆಳೆಯಬೇಕು. ಆಮೇಲೆ ಕಿತ್ತು, ಸಿಪ್ಪೆ ಹೆರೆದು, ಒಣಗಿಸಿ ಮತ್ತೆ ವರ್ಷಗಟ್ಟಲೆ ಇಡಬೇಕು. ಹಸಿ ಗೆಡ್ಡೆಗೆ ಹೇಳಿಕೊಳ್ಳುವಂಥ ಪರಿಮಳ ಇಲ್ಲ. ಐರೋನ್ ಎನ್ನುವ ಪರಿಮಳದ ಅಂಶ ಅದರೊಳಗೆ ನಿಧಾನಕ್ಕೆ ಹುಟ್ಟಬೇಕು, ಅದಕ್ಕೆ ಅವಸರ ಮಾಡಿದರೆ ಆಗುವುದಿಲ್ಲ. ಕೊನೆಗೆ ಪುಡಿ ಮಾಡಿ ಬಟ್ಟಿ ಇಳಿಸಿದರೆ ಬೆಣ್ಣೆಯಂತೆ ಗಟ್ಟಿಯಾದ ವಸ್ತು ಸಿಗುತ್ತದೆ, ಅದೂ ತೀರಾ ಸ್ವಲ್ಪ. ಸೆಂಟಿನ ಲೋಕದಲ್ಲಿ ತುಂಬಾ ದುಬಾರಿ ಸಾಮಗ್ರಿಗಳ ಸಾಲಿಗೆ ಇದು ಸೇರುವುದು ಇದಕ್ಕೇ. ವಾಸನೆ ಹೇಗೆ ಅಂದರೆ, ಮುಖಕ್ಕೆ ಹಚ್ಚುವ ಪೌಡರ್, ಜೊತೆಗೆ ಆಗಷ್ಟೇ ಹೆರೆದ ಕ್ಯಾರೆಟ್, ಅಡಿಯಲ್ಲಿ ತಣ್ಣನೆಯ ಮಣ್ಣು. ಸಿಹಿ ಬಹಳ ಕಡಿಮೆ.

ತಳದಲ್ಲಿ ನಮಗೆ ಚೆನ್ನಾಗಿ ಗೊತ್ತಿರುವ ಲಾವಂಚದ ಬೇರು ಇದೆ, ಚರ್ಮದ ವಾಸನೆಯ ಎಳೆ ಇದೆ, ಓಕ್ ಮರದ ಮೇಲೆ ಬೆಳೆಯುವ ಕಲ್ಲುಹೂವಿನ ಪರಿಮಳವೂ ಇದೆ. ಈ ಕಲ್ಲುಹೂವಿನಲ್ಲಿರುವ, ಅಲರ್ಜಿ ತರುವ ಎರಡು ಅಂಶಗಳನ್ನು ಯುರೋಪ್ 2017ರ ನಿಯಮದಲ್ಲಿ ನಿಷೇಧಿಸಿತು. ಹಳೇ ಬಾಟಲಿ ಕಂಡವರು "ಮೊದಲಿನ ಹಾಗಿಲ್ಲ" ಅಂದರೆ ಆ ಮಾತಿನಲ್ಲಿ ನಿಜ ಇದೆ. ಹಾಗಂತ ಈಗಿನದು ಸಪ್ಪೆ ಅಂತ ನಾನು ಒಪ್ಪುವುದಿಲ್ಲ.

ಮೈಮೇಲೆ ಇದು ಹೇಗೆ ನಡೆಯುತ್ತದೆ? ಹಾಕಿದ ಕೂಡಲೇ ಹಸಿರು, ಕಹಿ, ಸ್ವಲ್ಪ ಒರಟು. ಹತ್ತು-ಹದಿನೈದು ನಿಮಿಷಕ್ಕೆ ಅಂಚು ಮೆತ್ತಗಾಗುತ್ತದೆ. ಅರ್ಧ ಗಂಟೆ ಹೊತ್ತಿಗೆ ಮೊಣಕೈ ಒಳಗಡೆ ಮೂಗಿಟ್ಟು ನೋಡಿ. ಎಲೆಯ ಹಿಂದಿನಿಂದ ಪೌಡರಿನ ತಂಪು ಏಳುತ್ತಿರುತ್ತದೆ, ಅದರ ಪಕ್ಕದಲ್ಲೇ ಗುಲಾಬಿ, ಆದರೆ ಗುಲ್ಕನ್ ಥರ ಅಲ್ಲ, ಮುಳ್ಳು-ಕಡ್ಡಿ ಸಮೇತ ಕೊಯ್ದು ತಂದ ಗುಲಾಬಿ. ಎರಡನೇ ಗಂಟೆ ಇದರ ಒಳ್ಳೇ ಹೊತ್ತು. ಆಗ ಹಸಿರು, ಐರಿಸ್, ಲಾವಂಚ ಮೂರೂ ಒಂದಾಗಿರುತ್ತವೆ, ಬೇರೆ ಮಾಡಿ ಹೇಳುವುದೇ ಕಷ್ಟ. ಸಂಜೆಗೆ ಚರ್ಮದ ಹತ್ತಿರ ಒಣ ಬೇರು, ಚೂರು ಲೆದರ್ ಉಳಿಯುತ್ತದೆ.

ಸೆಕೆಯ ಪ್ರಶ್ನೆಗೆ ಬರೋಣ. ನಮ್ಮ ಬಿಸಿಲಿಗೆ ಸಿಹಿ ಸೆಂಟುಗಳು ಉಸಿರು ಕಟ್ಟಿಸುತ್ತವೆ, ಇದು ಹಾಗೆ ಮಾಡುವುದಿಲ್ಲ. ಆದರೆ ಬಿಸಿಗೆ ಮೇಲಿನ ಹಸಿರು ಬೇಗ ಹಾರಿಹೋಗುತ್ತದೆ. ಮಂಗಳೂರಿನಂಥ ಕಡೆ ಬೆವರಿನ ಮೇಲೆ ಹಾಕಿಕೊಳ್ಳಬೇಡಿ. ಸ್ನಾನ ಮಾಡಿ, ಮೈ ಒರೆಸಿ, ವಾಸನೆ ಇಲ್ಲದ ಲೋಶನ್ ತೆಳ್ಳಗೆ ಹಚ್ಚಿ, ಅದರ ಮೇಲೆ ಹಾಕಿ. ಒಣ ಚರ್ಮದ ಮೇಲಾದರೆ ಬೇಗ ಮಾಯವಾಗುತ್ತದೆ. ಕುತ್ತಿಗೆಗೆ ಒಂದು, ಮೊಣಕೈ ಒಳಗಡೆ ಒಂದು, ಸಾಕು. ಮಣಿಕಟ್ಟು ತಿಕ್ಕುವ ಅಭ್ಯಾಸ ಇದ್ದರೆ ಬಿಡಿ, ತಿಕ್ಕಿದ ಬಿಸಿಗೆ ಮೇಲಿನ ಪರಿಮಳ ಇನ್ನೂ ಬೇಗ ಹೋಗುತ್ತದೆ. ಕಾಟನ್ ಬಟ್ಟೆಯ ಒಳಮಗ್ಗುಲಿಗೆ ಒಂದು ಸಲ ಹೊಡೆದರೆ ದಿನವಿಡೀ ನಿಲ್ಲುತ್ತದೆ. ರೇಷ್ಮೆ ಸೀರೆ ಮೇಲೆ ಮಾತ್ರ ಬೇಡ, ಕಲೆ ಕೂರುತ್ತದೆ. ಮುತ್ತಿನ ಸರ ಇದ್ದರೆ ಸೆಂಟ್ ಮೊದಲು, ಸರ ಆಮೇಲೆ. ಮಲ್ಲಿಗೆ ಮುಡಿದ ದಿನ ನಾನಂತೂ ಇದನ್ನು ಮುಟ್ಟುವುದಿಲ್ಲ. ಎರಡೂ ಒಂದನ್ನೊಂದು ಕೆಡಿಸುತ್ತವೆ, ಸೋಲುವುದು ಐರಿಸ್.

"ಒಂದು ಗಂಟೆಗೇ ಹೋಯ್ತು" ಅನ್ನಿಸಿದರೆ ಸುಮ್ನೆ ಮತ್ತೆ ಮತ್ತೆ ಹೊಡೆದುಕೊಳ್ಳಬೇಡಿ. ಒಂದೇ ವಾಸನೆ ಸತತ ಬರುತ್ತಿದ್ದರೆ ಮೂಗು ಅದನ್ನು ಗಮನಿಸುವುದನ್ನೇ ಬಿಡುತ್ತದೆ. ಐರಿಸ್‌ನದಂತೂ ಮೆಲುದನಿ. ಹೊರಗೆ ಸ್ವಲ್ಪ ಓಡಾಡಿ ಬಂದು ಮೂಸಿ, ಅಥವಾ ಪಕ್ಕದಲ್ಲಿರುವವರನ್ನು ಕೇಳಿ. ಬಹಳ ಸಲ ಅವರಿಗೆ ಚೆನ್ನಾಗಿಯೇ ಬರುತ್ತಿರುತ್ತದೆ.

ಕೊಳ್ಳುವ ಮೊದಲು ಯಾವುದು ಅಂತ ನೋಡಿಕೊಳ್ಳಿ. ಓ ದ ಟ್ವಾಲೆಟ್ ಅಂದರೆ ತೆಳು ಬಗೆ, ಅದರಲ್ಲಿ ಹಸಿರು ಜಾಸ್ತಿ, ಚುರುಕು ಜಾಸ್ತಿ. ಓ ದ ಪರ್ಫಮ್ ಅಂದರೆ ಗಾಢ ಬಗೆ, ಅದು ದುಂಡಗೆ, ಗುಲಾಬಿ ಮುಂದೆ. ನೀವು ಹೇಳಿದ ಕಹಿ ಕೇಳಿದರೆ ಅಂಗಡಿಯವರು ಹಾಕಿದ್ದು ಮೊದಲನೆಯದು ಅನ್ನಿಸುತ್ತದೆ. ಮುಂದಿನ ಸಲ ಎರಡನೆಯದನ್ನು ಹಾಕಿಸಿಕೊಳ್ಳಿ. ಕಾಗದದ ಪಟ್ಟಿ ಬೇಡ, ಚರ್ಮಕ್ಕೇ ಹಾಕಿಸಿಕೊಂಡು ಹೊರಡಿ, ಊಟ ಮುಗಿಸಿ ಆಮೇಲೆ ಯೋಚಿಸಿ. ಆಗಲೂ ಗಾಲ್ಬನಮ್ ಒಗ್ಗದಿದ್ದರೆ 2011ರಲ್ಲಿ ಜಾಕ್ ಪೋಲ್ಜ್ ಮಾಡಿದ ನಂಬರ್ 19 ಪೌದ್ರೆ ಇದೆ. ಅದರಲ್ಲಿ ಹಸಿರನ್ನು ತಗ್ಗಿಸಿ ಐರಿಸ್‌ನ ಪೌಡರನ್ನು ಮುಂದೆ ತಂದಿದ್ದಾರೆ. ನನಗೆ ಅದು ಸ್ವಲ್ಪ ಮೆದು ಅನ್ನಿಸಿತು, ನಿಮಗೆ ಅದೇ ಸರಿಹೋಗಬಹುದು.